ಕಿಟಕಿಗೆ ಕೇಳುತ್ತಿದ್ದ ಹಕ್ಕಿ

ಫೋಟೋ ತೆಗೆಸಿಕೊಳ್ಳಬೇಕಾದವರು ಅಂಗಡಿಗೆ ಬರುವ ಸ್ಥಿತಿಯಲ್ಲಿಲ್ಲ, ನೀವೇ ಮನೆಗೆ ಬರಬೇಕು ಎಂದು ಕೇಳಿಕೊಂಡು ಕೆರೆಕಟ್ಟೆ ಕಡೆಯ ಒಬ್ಬರು ಕೊಪ್ಪದ ನನ್ನ ಸ್ಟುಡಿಯೋಕ್ಕೆ ಬಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಹಾಸಿಗೆ ಹಿಡಿದವರ ಫೋಟೋ ತೆಗೆಯುವುದು ನಮ್ಮ ಕಸುಬಿನಲ್ಲಿ ಇದ್ದದ್ದೇ. ಪಿಂಚಣಿಗೆ ಬೇಕು, ಕಾರ್ಡಿಗೆ ಬೇಕು, ಮುಂದೆ ಗೋಡೆಗೆ ಹಾಕುವುದಕ್ಕೂ ಒಂದು ಇರಲಿ ಎನ್ನುವವರಿದ್ದಾರೆ. ನನಗೆ ಮಾತ್ರ ಈ ಕೆಲಸ ಆಗಿಬರುವುದಿಲ್ಲ. ಮದುವೆಮನೆಯಲ್ಲಾದರೆ ‘ಸ್ವಲ್ಪ ನಗಿ’ ಎಂದರೆ ಸಾಕು, ಹಾಸಿಗೆಯ ಪಕ್ಕ ನಿಂತು ಹಾಗೆನ್ನಲು ಬಾಯಿ ಬರುವುದಿಲ್ಲ. ಇಂಥ ಕರೆ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಜಾರಿಕೊಳ್ಳಲು ನೋಡುತ್ತೇನೆ. ಅವತ್ತೂ ನೋಡಿದೆ.

“ಅಷ್ಟು ದೂರ ನಾನ್ಯಾಕೆ, ಶೃಂಗೇರಿಯಲ್ಲೇ ಯಾರಾದರೂ ಸಿಗ್ತಾರಲ್ಲ,” ಎಂದೆ.

“ಕೇಳಿದೆ ಮಾರಾಯ್ರೆ. ಬರ್ತೀನಿ ಅಂತಾರೆ, ಬರಲ್ಲ. ನನ್ನ ತಮ್ಮ ಅವ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ. ಸೊಂಟದಿಂದ ಕೆಳಗೆ ಎಂತದೂ ಇಲ್ಲ ಈಗ. ಅಂಗವಿಕಲರ ಕಾರ್ಡಿಗೆ ಫೋಟೋ ಬೇಕಂತೆ.” ಇಷ್ಟು ಹೇಳಿ ಅವರು ಕೌಂಟರಿನ ಗಾಜನ್ನು ಅಂಗೈಯಿಂದ ಒರೆಸಿದರು. ನಾನು ಕೇಳದೆಯೇ ಮತ್ತೊಂದು ಮಾತು ಸೇರಿಸಿದರು. “ಏಣಿ ಹಿಡಿದಿದ್ದವ ನಾನೇ.”

ಆಮೇಲೆ ಬರುವುದಿಲ್ಲ ಎನ್ನಲು ನನಗೆ ಆಗಲಿಲ್ಲ.

ಕೆರೆಕಟ್ಟೆಯಿಂದ ಒಳಗೆ ಮಣ್ಣುರಸ್ತೆ, ಅದು ಮುಗಿದಲ್ಲಿ ಕಾಲುದಾರಿ. ಬೈಕು ನಿಲ್ಲಿಸಿ ನಡೆದೆ. ಬೇಲಿಯ ಗಳುಗಳ ದಣಪೆ ದಾಟಿದಲ್ಲಿಂದ ಅಂಗಳದವರೆಗೂ ದಾರಿಯ ಎರಡೂ ಬದಿಯ ಗಿಡಗಂಟಿಯನ್ನು ಹೊಸದಾಗಿ ಸವರಿದ್ದರು. ಕತ್ತರಿಸಿದ ಎಲೆಗಳು ಇನ್ನೂ ಹಸಿಯಾಗಿದ್ದವು. ನಮ್ಮ ಕಡೆ ಮನೆಗೆ ಬೇಕಾದವರು ಬರುತ್ತಾರೆಂದರೆ ಮೊದಲು ಹೊರಬೀಳುವುದು ಕತ್ತಿ. ಬಂದವರ ಕಾಲಿಗೆ ಮುಳ್ಳು ತಾಗಬಾರದು, ರಕ್ತ ಹೀರುವ ಇಂಬಳ ಹತ್ತಬಾರದು, ಮನೆಯವರು ಸೋಮಾರಿಗಳು ಅನ್ನಿಸಬಾರದು. ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯಲು ಬಂದವನಿಗೂ ಈ ಮರ್ಯಾದೆಯೇ ಎಂದು ನನಗೆ ನಾಚಿಕೆಯಾಯಿತು, ಸ್ವಲ್ಪ ಖುಷಿಯೂ ಆಯಿತು ಅನ್ನಿ.

ತಮ್ಮನಿಗೆ ಮೂವತ್ತು ದಾಟಿತ್ತಷ್ಟೆ. ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಬಿದ್ದದ್ದಂತೆ. ಮನೆಯ ಹಿಂಬದಿಯ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಮಂಚ ಹಾಕಿದ್ದರು. ಕಾರ್ಡಿನ ಫೋಟೋಕ್ಕೆ ಹಿಂದೆ ಬಿಳಿ ಇರಬೇಕು, ಮುಖ ನೇರ ಇರಬೇಕು, ಇವರಿಗೆ ಕೂರಲು ಆಗುವುದಿಲ್ಲ. ದಿಂಬು ಒಟ್ಟಿದೆವು, ಪಕ್ಕಕ್ಕೆ ವಾಲಿದರು. ಕಡೆಗೆ ಅತ್ತಿಗೆ, ಅಣ್ಣನ ಹೆಂಡತಿ, ಒಂದು ಬಿಳಿ ಪಂಚೆ ತಂದುಕೊಟ್ಟರು. ಅಣ್ಣ ಅದನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಮಂಚದ ಹಿಂದೆ ಕೂತು, ಪಂಚೆಯ ಒಳಗಿನಿಂದಲೇ ತಮ್ಮನ ತೋಳುಗಳನ್ನು ಹಿಡಿದು ನೆಟ್ಟಗೆ ಕೂರಿಸಿದರು. ನಾನು ಫೋಟೋ ತೆಗೆದೆ. ಕಾರ್ಡಿನಲ್ಲಿ ನೋಡಿದವರಿಗೆ ಬರೀ ಬಿಳಿ ಗೋಡೆಯ ಮುಂದೆ ಕೂತ ಒಬ್ಬ ಮನುಷ್ಯ ಕಾಣುತ್ತಾನೆ.

ಕ್ಯಾಮೆರಾ ಚೀಲಕ್ಕೆ ಹಾಕುತ್ತಿದ್ದಾಗ ಕಿಟಕಿಯ ಆಚೆ ಏನೋ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತ ತಮ್ಮಷ್ಟಕ್ಕೆ ಗುನುಗಿದ ಹಾಗೆ ಸಣ್ಣ ದನಿ. ಎರಡು ಮೂರು ಏರಿಳಿತ, ಮಧ್ಯೆ ಒಂದು ಕಿರುಗುಟ್ಟುವ ಸದ್ದು, ಮತ್ತೆ ಮೌನ. ನಾನು ತಿರುಗಿದ್ದನ್ನು ಮಲಗಿದ್ದವರು ನೋಡಿದರು.

“ನಿಮಗೂ ಕೇಳ್ತಾ? ಅದು ಎಂತ ಹಕ್ಕಿ ಅಂತ ಗೊತ್ತುಂಟಾ?”

“ನೊಣಹಿಡುಕ ಇರಬೇಕು. ನೀಲಿಯದು, ಹೊಟ್ಟೆ ಬಿಳಿ. ಕತ್ತಲಲ್ಲೇ ಇರ್ತದೆ, ಬಯಲಿಗೆ ಬರಲ್ಲ.”

“ನೀಲಿಯಾ?” ಎಂದು ಅವರು ಕಿಟಕಿಯ ಕಡೆ ಕತ್ತು ಹೊರಳಿಸಿದರು. “ನಾನು ಈ ಮನೆಹಿಂದಿನ ಹಳ್ಳದಲ್ಲೇ ಆಡಿ ಬೆಳೆದವ. ಓಡಾಡ್ತಿದ್ದಾಗ ಒಂದು ದಿನವೂ ಕಿವಿಗೆ ಬಿದ್ದಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಕಾಯ್ತೀನಿ. ಒಂದು ಫೋಟೋ ತೆಗೆದುಕೊಡ್ತೀರಾ? ಹೆಂಗಿದೆ ಅಂತ ನೋಡಬೇಕಿತ್ತು.”

ಪಂಚೆ ಮಡಿಸುತ್ತಿದ್ದ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ತಮ್ಮ ಬಿದ್ದ ಮೇಲೆ ಬಾಯಿಬಿಟ್ಟು ಕೇಳಿದ್ದು ಇದೊಂದೇ ಎಂದು ಆಮೇಲೆ ದಣಪೆಯ ಹತ್ತಿರ ಅವರು ಹೇಳಿದರು. ಅಷ್ಟರಲ್ಲಿ ನಾನು ಒಪ್ಪಿಕೊಂಡಾಗಿತ್ತು.

ಒಪ್ಪಿಕೊಂಡಷ್ಟು ಸುಲಭದ ಕೆಲಸವಲ್ಲ ಅದು. ಮದುವೆಯ ಕ್ಯಾಮೆರಾಕ್ಕೆ ನನ್ನಲ್ಲಿ ಉದ್ದ ಲೆನ್ಸಿಲ್ಲ. ಹಕ್ಕಿಗೆಂದು ಇಟ್ಟುಕೊಂಡದ್ದು ಲೆನ್ಸ್ ಬಿಚ್ಚಲು ಬಾರದ ಜಾತಿಯ ಒಂದು ಜೂಮ್ ಕ್ಯಾಮೆರಾ. ಮೂತಿ ಚಾಚಿದರೆ ಗುಡ್ಡದಾಚೆಯ ಹದ್ದೂ ಅಂಗಳಕ್ಕೆ ಬರುತ್ತದೆ ನಿಜ, ಆದರೆ ಮೂತಿ ಚಾಚಿದಷ್ಟೂ ಒಳಗೆ ಹೋಗುವ ಬೆಳಕು ಕಡಿಮೆ. ಚಿತ್ರ ಹಿಡಿಯುವ ಸೆನ್ಸರ್ ಉಗುರಿನಷ್ಟು. ಕಡಿಮೆ ಬೆಳಕಿಗೆಂದು ಐಎಸ್‌ಒ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು, ಇಳಿಸಿದರೆ ಶಟರ್ ನಿಧಾನವಾಗಿ ಹಕ್ಕಿ ಕತ್ತು ಹೊರಳಿಸುವಷ್ಟರಲ್ಲಿ ಮಸಕು. ಬಿಸಿಲಲ್ಲಿ ತಂತಿಯ ಮೇಲೆ ಕೂತ ಹಕ್ಕಿಗೆ ಈ ಕ್ಯಾಮೆರಾ ಸಾಕೋ ಸಾಕು. ಹಳ್ಳದ ಕತ್ತಲಲ್ಲಿ, ಗುಬ್ಬಿಗಿಂತ ಸಣ್ಣ, ಕಡುನೀಲಿ ಬಣ್ಣದ, ಒಂದು ಕಡೆ ನಿಲ್ಲದ ಪ್ರಾಣಿಗೆ ಇದನ್ನು ಹಿಡಿದು ಹೋಗುವುದು ಹುಚ್ಚು. “ಹಕ್ಕಿಗೂ ಆಲ್ಬಂ ಮಾಡಿಕೊಡ್ತೀರಾ ಹೆಂಗೆ?” ಎಂದು ನನ್ನ ಹೆಂಡತಿ ನಕ್ಕಳು. ಆದರೂ ನಾನಿಲ್ಲದ ದಿನ ಅಂಗಡಿಯಲ್ಲಿ ಕೂರಲು ಒಪ್ಪಿದಳು.

ಹಳ್ಳ ಮನೆಯ ಹಿಂದೆ ಇಳಿಜಾರಿನಲ್ಲಿ, ಅವರದೇ ಜಾಗದಲ್ಲಿತ್ತು. ಅದರಾಚೆ ಕಾಡು. ಕೇದಗೆ, ಬೆತ್ತ, ಎದೆಯೆತ್ತರದ ಜರಿಗಿಡ ಎಲ್ಲ ಒಂದಕ್ಕೊಂದು ಹೆಣೆದುಕೊಂಡು, ನಡುಮಧ್ಯಾಹ್ನ ಹೋದರೂ ಸಂಜೆಯ ಹಾಗಿರುತ್ತಿತ್ತು. ನೀರು ಸಣ್ಣದೇ, ಆದರೆ ಕಲ್ಲಿನಿಂದ ಕಲ್ಲಿಗೆ ಬೀಳುವ ಸದ್ದಿಗೆ ಬಿಡುವಿರಲಿಲ್ಲ. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಭತ್ತದ ಹೊಟ್ಟು ತುಂಬಿ ಹೊಲಿದ ದಿಂಬನ್ನು ಬಂಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಊರಿ ಕೂತೆ. ಬೀಪ್ ಸದ್ದು ನಿಲ್ಲಿಸಿದೆ. ಫೋಕಸ್ಸಿಗೆ ಸಹಾಯವಾಗಲೆಂದು ಮುಂದೆ ಹೊತ್ತಿಕೊಳ್ಳುವ ಕೆಂಪು ದೀಪ ಆರಿಸಿದೆ. ಫ್ಲ್ಯಾಷನ್ನಂತೂ ಎತ್ತುವ ಮಾತೇ ಇರಲಿಲ್ಲ.

ಮೊದಲ ದಿನಗಳಲ್ಲಿ ಸಿಕ್ಕಿದ್ದು ಎಲೆ. ಹಕ್ಕಿ ಹಿಂದೆ, ಜರಿಗಿಡದ ಒಂದು ಗರಿ ಮುಂದೆ, ಕ್ಯಾಮೆರಾ ಹೋಗಿ ಗರಿಯನ್ನೇ ಹಿಡಿಯುತ್ತಿತ್ತು. ಗರಿಯ ಒಂದೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟ, ಅದರ ಹಿಂದೆ ಕಪ್ಪು ಉಂಡೆ. ಕೆಲವು ಸಲ ಬಾಲ ಸಿಕ್ಕಿತು. ಬಹಳ ಸಲ ಈಗಷ್ಟೇ ಹಕ್ಕಿ ಬಿಟ್ಟುಹೋದ ಕೊಂಬೆ ಸಿಕ್ಕಿತು, ಅದು ಇನ್ನೂ ಅಲ್ಲಾಡುತ್ತಿದ್ದದ್ದರಿಂದ ಅದೂ ಮಸಕು. ಮುಂಗಾರಿಗೆ ಮೊದಲಿನ ಮಳೆ ಬಿದ್ದು ಇಂಬಳ ಎದ್ದಿದ್ದವು. ಸುಣ್ಣ ತಂಬಾಕು ಹಚ್ಚಿಕೊಂಡರೂ ಕಾಲ್ಚೀಲದ ಒಳಗೆ ಹೇಗೋ ಸೇರುತ್ತಿದ್ದವು. ಲೆನ್ಸಿಗೆ ಮಂಜು ಕೂರುತ್ತಿತ್ತು. ಒರೆಸುವುದು, ಕಾಯುವುದು, ಮತ್ತೆ ಒರೆಸುವುದು.

ಅತ್ತಿಗೆ ಒಂದು ದಿನ ಕಾಫಿ ಕೊಡುತ್ತ, “ಮೊಬೈಲಲ್ಲಿ ಅದರದ್ದೇ ಕೂಗು ಹಾಕಿದ್ರೆ ಹತ್ತಿರ ಬರ್ತದಂತಲ್ಲ,” ಎಂದರು. ಬರುತ್ತದೆ, ತನ್ನ ಜಾಗಕ್ಕೆ ಬೇರೆ ಗಂಡು ಬಂತೆಂದು ಹೆದರಿ ಬರುತ್ತದೆ, ಅದು ಬೇಡ ಎಂದೆ. ಒಳಗಿನಿಂದ ಮಲಗಿದ್ದವರೂ ಬೇಡ ಎಂದರು. ನಮ್ಮಿಬ್ಬರ ಸ್ನೇಹ ಬೆಳೆದದ್ದು ಅಲ್ಲಿಂದ.

ಕೆಲಸಕ್ಕೆ ಒಂದು ದಾರಿ ಸಿಕ್ಕಿದ್ದೂ ಅವರಿಂದಲೇ. ನೀರಿನ ಪಕ್ಕ ಕೂತವನಿಗೆ ನೀರಿನ ಸದ್ದಿನಲ್ಲಿ ಹಕ್ಕಿಯ ಸಣ್ಣ ದನಿ ಕೇಳುವುದಿಲ್ಲ. ಮೇಲಿನ ಕಿಟಕಿಗೆ ಕೇಳುತ್ತದೆ. ಅವರಿಗೆ ಹಕ್ಕಿಯ ದಿನಚರಿ ಗೊತ್ತು, ಮೇಲಿನ ಮರದಿಂದ ಹಾಡಿ, ದನಿ ನಿಲ್ಲಿಸಿ, ಕೆಳಗೆ ಹಳ್ಳಕ್ಕೆ ಇಳಿಯುತ್ತದೆ. ಇಳಿದಾಗ ಸ್ಟೀಲ್ ಲೋಟದಿಂದ ಕಿಟಕಿಯ ಸರಳಿಗೆ ಒಂದು ಸಲ ತಟ್ಟುತ್ತೇನೆ, ಆಗ ಸಿದ್ಧವಾಗಿರಿ ಎಂದರು. ಹಾಗೇ ಮಾಡಿದೆವು. ‘ಟಣ್’ ಎಂದರೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹಕ್ಕಿ ಇಳಿದಾಗಲೆಲ್ಲ ಹಳ್ಳದ ನಡುವಿನ ಒಂದು ಪಾಚಿಗಲ್ಲಿನ ಮೇಲೆ ಕೂತು ಆಮೇಲೆ ಮುಂದೆ ಹೋಗುವುದು ಗಮನಕ್ಕೆ ಬಂತು. ಇನ್ನು ಹಕ್ಕಿಯನ್ನು ಹುಡುಕುವುದು ಬಿಟ್ಟೆ. ಫೋಕಸ್ಸನ್ನು ಕೈಯಿಂದಲೇ ಆ ಕಲ್ಲಿಗೆ ಕೂರಿಸಿ, ಜೂಮನ್ನು ಪೂರ್ತಿ ಚಾಚದೆ ಅರ್ಧಕ್ಕೆ ನಿಲ್ಲಿಸಿ ಬೆಳಕು ಉಳಿಸಿಕೊಂಡು, ಬಟನ್ನಿನ ಮೇಲೆ ಬೆರಳಿಟ್ಟು ಕಲ್ಲನ್ನೇ ಕಾಯತೊಡಗಿದೆ. ಈಗ ಹಕ್ಕಿ ಚೌಕಟ್ಟಿನೊಳಗೆ ಬರುತ್ತಿತ್ತು. ಆದರೆ ಇನ್ನೂ ಕಪ್ಪಾಗೇ ಬರುತ್ತಿತ್ತು.

ತೆಗೆದದ್ದನ್ನು ಮಂಚದ ಪಕ್ಕ ಕೂತು ಕ್ಯಾಮೆರಾದಲ್ಲೇ ತೋರಿಸುತ್ತಿದ್ದೆ. “ಇದು ಕಾಗೆಮರಿ ಮಾರಾಯ್ರೆ, ನೀಲಿ ಎಲ್ಲಿದೆ?” ಎಂದು ಅವರು ತಮಾಷೆ ಮಾಡುತ್ತಿದ್ದರು. ಆ ಮನೆಯಲ್ಲಿ ತಮಾಷೆ ಕೇಳಿ ಬಹಳ ಕಾಲವಾಗಿತ್ತೆಂದು ಕಾಣುತ್ತದೆ. ಅತ್ತಿಗೆ ಅಡಿಗೆಮನೆಯಿಂದ ಇಣುಕಿ ನೋಡಿದರು. ಅಣ್ಣ ನನ್ನನ್ನು ಕಳಿಸಿಕೊಡಲು ದಣಪೆಯವರೆಗೆ ಬಂದು, “ನೀವು ಬರೋಕೆ ಹಿಡಿದ ಮೇಲೆ ಸರಿಯಾಗಿ ಉಣ್ತಾನೆ,” ಎಂದರು. ಸುಖದ ಮಾತು ಹೇಳುವಾಗಲೂ ಅವರ ಕಣ್ಣು ನೆಲದ ಮೇಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಹಕ್ಕಿ ಕಲ್ಲಿನ ಮೇಲೆ ಕೂತಾಗ ಕೊಕ್ಕಿನಲ್ಲಿ ಹಸಿರು ಹುಳವಿತ್ತು. ತಿನ್ನಲಿಲ್ಲ. ಅತ್ತಿತ್ತ ನೋಡಿ ದಂಡೆಯ ಕಡೆ ಹಾರಿ ಜರಿಗಿಡದೊಳಗೆ ಮಾಯವಾಯಿತು, ತಿರುಗಿ ಬಂದಾಗ ಕೊಕ್ಕು ಖಾಲಿ. ದಂಡೆಯ ಬೇರುಗಳ ನಡುವಿನ ಪೊಟರೆಯಲ್ಲಿ ಗೂಡಿದೆ ಎಂದು ಗೊತ್ತಾಯಿತು. ನಾನು ಹತ್ತಿರ ಹೋಗಲಿಲ್ಲ. ಇನ್ನಷ್ಟು ಹಿಂದಕ್ಕೆ ಸರಿದು ಕೂತೆ. ಮನೆಗೆ ಬಂದು ಹೇಳಿದಾಗ ತಮ್ಮ, “ಹೌದು, ಎರಡು ದಿನದಿಂದ ಮರಿ ಚೀಂಗುಟ್ಟೋದು ಕೇಳ್ತಿದೆ, ನಿಮಗೆ ಹೇಳಬೇಕು ಅಂತಿದ್ದೆ,” ಎಂದರು. ಅವರ ಮುಖ ಅರಳಿತ್ತು. ಅಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

“ಹಂಗಾದ್ರೆ ಇನ್ನು ಫೋಟೋ ಸುಲಭ ಅಲ್ದಾ?” ಎಂದರು.

“ಎಂತ ಸುಲಭ. ಬೆಳಕೇ ಇಲ್ಲ ಅಲ್ಲಿ. ಆ ಜರಿಗಿಡ, ಆ ಕೇದಗೆ, ಎಲ್ಲ ಮುಚ್ಚಿಕೊಂಡಿದೆ,” ಎಂದೆ. ಕೆಲಸ ಕೈಗೆ ಹತ್ತದಿದ್ದಾಗ ಎಲ್ಲರೂ ಗೊಣಗುವ ಹಾಗೆ ಗೊಣಗಿದ್ದು. ಅಣ್ಣ ಹೌದೌದು ಎಂದು ತಲೆಯಾಡಿಸಿದರು.

ಮರುದಿನ ನರಸಿಂಹರಾಜಪುರದಲ್ಲಿ ಮದುವೆ, ಅದರ ಬೆನ್ನಿಗೇ ಕಡಹಿನಬೈಲಿನಲ್ಲಿ ಗೃಹಪ್ರವೇಶ. ಮಳೆ ಹಿಡಿಯುವ ಮೊದಲು ಮುಗಿಸಿಕೊಳ್ಳಬೇಕೆಂದು ಜನ ಎಲ್ಲ ಕಾರ್ಯವನ್ನೂ ಆ ವಾರಕ್ಕೇ ಇಟ್ಟುಕೊಂಡಿದ್ದರು. ಎರಡನ್ನೂ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಕೆರೆಕಟ್ಟೆಗೆ ಹೊರಟೆ. ಮರಿಗಳು ಇನ್ನೂ ಗೂಡಿನಲ್ಲಿರುತ್ತವೆ ಎಂಬುದೊಂದೇ ಲೆಕ್ಕಾಚಾರ.

ಅಂಗಳಕ್ಕೆ ಬರುವಾಗಲೇ ಏನೋ ಬೇರೆ ಅನ್ನಿಸಿತು. ಮನೆಯ ಹಿಂದೆ ಬೆಳಕಿತ್ತು. ಇಷ್ಟು ದಿನ ಕಪ್ಪಗಿದ್ದ ಕಡೆ ಆಕಾಶ ಕಾಣುತ್ತಿತ್ತು, ಕಲ್ಲಿನ ಮೇಲೆ ಬಿಸಿಲು ಬಿದ್ದು ನೀರು ಹೊಳೆಯುತ್ತಿತ್ತು. ಅಣ್ಣ ಎದುರಿಗೆ ಬಂದರು. ಮುಂಗೈಯಲ್ಲಿ ಬೆತ್ತದ ಮುಳ್ಳು ಗೀರಿದ ಗಾಯಗಳಿದ್ದವು. ನಾನು ಅವರನ್ನು ನೋಡಿದ ಮೇಲೆ ಮೊದಲ ಸಲ ಅವರು ಕಣ್ಣಿಗೆ ಕಣ್ಣು ಕೊಟ್ಟು ನಗುತ್ತಿದ್ದರು.

“ನೀವು ಬೆಳಕಿಲ್ಲ ಅಂದ್ರಲ್ಲ. ಪೂರಾ ಸವರಿ ಇಟ್ಟಿದೀನಿ. ಕೂರೋಕೆ ಹಲಗೆನೂ ಹಾಕಿದೀನಿ ನೋಡಿ. ಇವನಿಗೂ ಈಗ ಕಿಟಕಿಯಿಂದಲೇ ಕಲ್ಲು ಕಾಣ್ತದೆ.”

ನಾನು ಮನೆಯ ಹಿಂದಕ್ಕೆ ನಡೆದೆ. ಕೇದಗೆ ಇಲ್ಲ, ಬೆತ್ತ ಇಲ್ಲ, ಜರಿಗಿಡವೆಲ್ಲ ಒಂದು ಕಡೆ ರಾಶಿ ಬಿದ್ದಿದೆ. ದಂಡೆಯ ಬೇರುಗಳು ಬತ್ತಲೆಯಾಗಿವೆ, ಅವುಗಳ ನಡುವೆ ಪಾಚಿಯ ಗೂಡು ಮಾರು ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿದೆ. ಅದನ್ನು ಮಾತ್ರ ಕತ್ತಿ ತಾಗದಂತೆ ಎಷ್ಟು ಜೋಪಾನವಾಗಿ ಬಿಟ್ಟಿದ್ದರೆಂದರೆ, ಸುತ್ತಲೂ ಕೈಯಿಂದಲೇ ಕಿತ್ತು ಚೊಕ್ಕ ಮಾಡಿದ್ದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೈದುಬಿಡುತ್ತಿದ್ದೆ. ಇವರಿಗೆ ಹೇಗೆ ಬೈಯುವುದು? ತಮ್ಮನಿಗಾಗಿ ಇಷ್ಟಾದರೂ ಮಾಡಿದೆ ಎಂಬ ಸಮಾಧಾನ ಆ ಮುಖದಲ್ಲಿ ಬರೆದಿತ್ತು.

ಅಷ್ಟರಲ್ಲಿ ಕಿಟಕಿಯಲ್ಲಿ ಲೋಟದ ಸದ್ದು. ಒಂದಲ್ಲ, ಬಿಡದೆ ತಟ್ಟುತ್ತಿದ್ದರು. ನಾನು ಹಲಗೆಯ ಮೇಲೆ ಕೂತು ಕ್ಯಾಮೆರಾ ಎತ್ತಿದೆ.

ಗಂಡು ಹಕ್ಕಿ ಕಲ್ಲಿನ ಮೇಲೆ, ಬಿಸಿಲಲ್ಲಿ ಕೂತಿತ್ತು. ಇಷ್ಟು ದಿನ ಕಾಣದ ನೀಲಿ ಈಗ ಕಂಡಿತು. ಹಣೆಯ ಮೇಲೆ ತಿಳಿಯಾಗಿ, ಬೆನ್ನಿಗೆ ಕಡುವಾಗಿ, ಹೊಟ್ಟೆಯ ಬಿಳಿಯಲ್ಲಿ ತೆಳ್ಳಗೆ ಕಲೆತಿತ್ತು. ಕೊಕ್ಕಿನಲ್ಲಿ ಹುಳ. ಐಎಸ್‌ಒ ಕೆಳಗಿತ್ತು, ಶಟರ್ ವೇಗವಾಗಿತ್ತು, ಕಣ್ಣಿನ ಹೊಳಪಿನ ಮೇಲೆ ಫೋಕಸ್ ಕೂತಿತ್ತು. ಬೆರಳು ತಾನೇ ಒತ್ತಿತು. ಒಂದರ ಹಿಂದೊಂದು ಫೋಟೋ ಬಂತು, ಎಲ್ಲವೂ ಚೆನ್ನಾಗಿಯೇ ಬಂತು. ತಿರುಗಿ ನೋಡಿದರೆ ಕಿಟಕಿಯಲ್ಲಿ ತಮ್ಮ ಸರಳು ಹಿಡಿದು ತಲೆ ಎತ್ತಲು ಹೆಣಗುತ್ತಿದ್ದರು, ಅತ್ತಿಗೆ ಹಿಂದಿನಿಂದ ಆನಿಸಿಕೊಂಡಿದ್ದರು. “ಕಂಡಿತು,” ಎಂದರು ತಮ್ಮ. “ಸಣ್ಣ ಚುಕ್ಕಿ. ಕಂಡಿತು ಮಾತ್ರ.”

ಮತ್ತೆ ಕಲ್ಲಿನ ಕಡೆ ತಿರುಗಿದಾಗ ಹಕ್ಕಿ ಇನ್ನೂ ಅಲ್ಲೇ ಇತ್ತು, ಅದೇ ಹುಳ ಕಚ್ಚಿಕೊಂಡು. ಕೊಂಬೆಗೆ ಹೋಯಿತು, ಕಲ್ಲಿಗೆ ಬಂತು, ಮತ್ತೆ ಕೊಂಬೆಗೆ ಹೋಯಿತು. ಗೂಡಿಗೆ ಹೋಗುತ್ತಿಲ್ಲ. ಮೊದಲು ಕತ್ತಲಿನ ಮರೆಯಲ್ಲಿ ಸುಳಿದು ಒಳಗೆ ಸೇರುತ್ತಿದ್ದದ್ದು ಈಗ ಬಯಲಿನಲ್ಲಿ, ನಮ್ಮೆಲ್ಲರ ಕಣ್ಣೆದುರು ದಾಟಿಹೋಗಬೇಕು. ಕಂದು ಬಣ್ಣದ ಹೆಣ್ಣೂ ಆಚೆ ಕೊಂಬೆಯಲ್ಲಿ ಹಾಗೇ ಚಡಪಡಿಸುತ್ತಿತ್ತು. ಗೂಡಿನಲ್ಲಿ ಬಾಯಿಗಳು ತೆರೆದುಕೊಂಡೇ ಇದ್ದವು, ಅವುಗಳ ಮೇಲೆ ಬಿಸಿಲು ಬೀಳುತ್ತಿತ್ತು.

ಇಂಥ ಬೆಳಕು, ಇಂಥ ಹಕ್ಕಿ ನನಗೆ ಮತ್ತೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಹೆಣ್ಣಿನದೊಂದು ಫೋಟೋವೂ ಆಗಿರಲಿಲ್ಲ. ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದೆ.

“ಮರಿಗೆ ಬಿಸಿಲು ಜಾಸ್ತಿ ಆಯ್ತು. ಒಂಚೂರು ನೆರಳು ಮಾಡೋಣ,” ಎಂದೆ. ಅರ್ಧ ನಿಜ. ಅಣ್ಣ ಒಂದು ಗಳಿಗೆ ನನ್ನ ಮುಖ ನೋಡಿ ರಾಶಿಯ ಕಡೆ ನಡೆದರು. ಇಬ್ಬರೂ ಸೇರಿ ಕಡಿದು ಹಾಕಿದ್ದ ಕೊಂಬೆ, ಜರಿಗಿಡಗಳನ್ನು ತಂದು ದಂಡೆಯ ಮಣ್ಣಿಗೆ ಊರಿದೆವು. ಕೇದಗೆಯ ಗರಿಗಳನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿದೆವು. ಕಡಿದ ಗಿಡವನ್ನು ನಿಲ್ಲಿಸುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ಒಂದು ನಿಲ್ಲಿಸಿದರೆ ಇನ್ನೊಂದು ಬೀಳುತ್ತಿತ್ತು. ಎಲೆಗಳು ಅದಾಗಲೇ ಬಾಡಿ ಸುರುಟಿಕೊಂಡಿದ್ದವು. ಹಲಗೆ ತೆಗೆಸಿದೆ, ಎಲ್ಲರೂ ಒಳಗೆ ಹೋದೆವು. ಸಂಜೆಯ ಹೊತ್ತಿಗೆ ಹೆಣ್ಣು ಒಂದು ಸಲ ಒಳಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಆಮೇಲೆ ಮಳೆ ಬಂತು. ಅಂದು ಅಲ್ಲೇ ಉಳಿದೆ.

ಬೆಳಿಗ್ಗೆ ನಾನು ಹಳ್ಳಕ್ಕೆ ಇಳಿದಾಗ ಊರಿದ್ದ ಗಿಡಗಳು ಮಳೆಗೆ ಮಲಗಿದ್ದವು. ಪೊಟರೆ ಖಾಲಿ. ಪಾಚಿ ಕೆಳಗೆ ಚೂರುಚೂರಾಗಿ ಬಿದ್ದಿತ್ತು, ಅದರ ಜೊತೆ ಇನ್ನೂ ಗರಿ ಬಿಚ್ಚದ ಒಂದು ಸಣ್ಣ ರೆಕ್ಕೆ. ಕೆಂಬೂತವೋ ಹಾವೋ ಬೆಕ್ಕೋ, ನೋಡಿದವರಿಲ್ಲ. ಯಾವುದೇ ಆಗಿರಲಿ, ಅದಕ್ಕೆ ಹುಡುಕುವ ಕಷ್ಟವಂತೂ ಇರಲಿಲ್ಲ. ಹಿಂದೆ ಅಣ್ಣನ ಹೆಜ್ಜೆ ಕೇಳಿಸಿತು. ಕೆಳಗೆ ಬಿದ್ದಿದ್ದನ್ನೆಲ್ಲ ಬಾಚಿ ಜೇಬಿಗೆ ತುಂಬಿಕೊಂಡೆ. ಯೋಚಿಸಿ ಮಾಡಿದ್ದಲ್ಲ ಅದು. ಯೋಚನೆ ಬಂದದ್ದು ಜೇಬಿನಲ್ಲಿ ಕೈ ಒದ್ದೆಯಾದ ಮೇಲೆ. ನಿಜ ಹೇಳಿದರೆ ಈ ಮನುಷ್ಯನ ಪಾಲಿಗೆ ಎರಡನೆಯ ಏಣಿಯೂ ಕೈಜಾರಿದ ಹಾಗೆ. ಸುಳ್ಳು ಹೇಳಿದರೆ ಹಕ್ಕಿಗೇನೂ ವ್ಯತ್ಯಾಸವಿಲ್ಲ.

“ಮರಿ?” ಎಂದರು.

“ಹಾರಿಹೋಗಿವೆ,” ಎಂದೆ.

“ಹೌದಾ? ಇಷ್ಟು ಬೇಗ?”

“ಸಣ್ಣ ಹಕ್ಕಿ ಅಲ್ವಾ. ಬೇಗ ಬಲಿತಾವೆ.”

ಅವರು ಪೊಟರೆಯನ್ನು ನೋಡಿದರು, ಮೇಲೆ ಕಾಡನ್ನು ನೋಡಿದರು. ಆಮೇಲೆ ದಡದಡ ಮೇಲೆ ಹತ್ತಿ, “ಮರಿ ಹಾರಿದವಂತೆ ಕಣೋ,” ಎನ್ನುತ್ತ ಮನೆಯೊಳಗೆ ಹೋದರು. ನಾನು ಹಿಂದಿನಿಂದ ನಿಧಾನವಾಗಿ ಹೋದೆ. ಕೋಣೆಯಲ್ಲಿ ತಮ್ಮ ನಗುತ್ತ, “ಒಳ್ಳೇದಾಯ್ತು ಅಣ್ಣಯ್ಯ. ನೀನು ಸವರಿದ್ದಕ್ಕೆ ನಂಗೊಂದು ದಿನ ಆದ್ರೂ ಕಂಡಿತು,” ಎನ್ನುತ್ತಿದ್ದರು. ಅಣ್ಣ ಕಾಫಿ ತರಲು ಅಡಿಗೆಮನೆಗೆ ಹೋದರು.

ಅವರು ಮರೆಯಾದ ಕೂಡಲೇ ಮಲಗಿದ್ದವರ ಮುಖದಿಂದ ನಗು ಹೋಯಿತು. ಕಿಟಕಿಯ ಕಡೆ ತಿರುಗಿಕೊಂಡೇ ಮಾತಾಡಿದರು.

“ಬೆಳಕು ಹರಿಯೋ ಮೊದಲು ಗಲಾಟೆ ಕೇಳ್ತು. ಎರಡೂ ಸೇರಿ ಕೂಗಿಕೊಳ್ತಿದ್ದವು. ನನಗೆ ಏಳೋಕೆ ಆಗಲ್ಲ. ಲೋಟ ತಟ್ಟಿದ್ರೆ ಅಣ್ಣಯ್ಯ ಎದ್ದು ಬರ್ತಾನೆ, ಬಂದು ನೋಡ್ತಾನೆ. ಅದಕ್ಕೆ ತಟ್ಟಲಿಲ್ಲ.” ಕಿಟಕಿಯಲ್ಲಿದ್ದ ಲೋಟವನ್ನು ಆಚೆ ಸರಿಸಿದರು. “ಅವನಿಗೆ ಹೇಳಬೇಡಿ ಮಾರಾಯ್ರೆ. ಏಣಿ ಒಂದೇ ಸಾಕು ಅವನಿಗೆ.”

ನಾನು ಜೇಬಿನಲ್ಲಿದ್ದ ಕೈ ಹೊರಗೆ ತೆಗೆಯದೆ ತಲೆಯಾಡಿಸಿದೆ. ಕಾಫಿ ಬಂತು, ಕುಡಿದೆ. ದಾರಿಯಲ್ಲಿ ಬೈಕು ನಿಲ್ಲಿಸಿ ಆ ಪಾಚಿಯನ್ನು ಒಂದು ಮರದ ಬುಡದಲ್ಲಿಟ್ಟೆ. ಅಳು ಬಂತು. ಸತ್ತದ್ದು ಸಣ್ಣ ಹಕ್ಕಿಮರಿಗಳು, ಅತ್ತದ್ದು ಅವಕ್ಕೇ ಎಂದು ಈಗಲೂ ಹೇಳಲಾರೆ.

ಮಳೆಗಾಲ ಪೂರ್ತಿ ಆ ಕಡೆ ಹೋಗಲಿಲ್ಲ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದಲ್ಲಿ ಗೋಡೆಗೆ ಒರಗಿಸಿಟ್ಟಿದ್ದೆ. ಬಂದವರೆಲ್ಲ ನೋಡಿ, ಇದು ನಮ್ಮ ಕಡೆಯ ಹಕ್ಕಿಯಾ, ಎಷ್ಟು ಚೆಂದ ಬಂದಿದೆ, ಎಂಥ ಬೆಳಕು ಎಂದರು. ಬೆಳಕನ್ನು ಹೊಗಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಹೆಂಡತಿಗೆ ಇದು ಗೊತ್ತಾಗಿ, ಒಂದು ದಿನ ಅದನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟಳು. “ಕೊಟ್ಟು ಬನ್ನಿ ಇನ್ನು.”

ಹೋದಾಗ ದಾರಿ ಸವರಿರಲಿಲ್ಲ. ದಣಪೆಯಿಂದ ಅಂಗಳದವರೆಗೂ ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಕಟ್ಟನ್ನು ಮಂಚದ ಎದುರಿನ ಗೋಡೆಗೆ ಅಣ್ಣನೇ ಮೊಳೆ ಹೊಡೆದು ತೂಗುಹಾಕಿದರು. ತಮ್ಮ ಅದನ್ನು ಬಹಳ ಹೊತ್ತು ನೋಡಿದರು. ಇಳಿದುಹೋಗಿದ್ದರು, ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. “ನೀಲಿಯೇ ಹೌದು,” ಎಂದರು. ನಂತರ ಅಣ್ಣನಿಗೆ ಕೇಳಲೆಂದೇ ಗಟ್ಟಿಯಾಗಿ, “ಇವತ್ತು ಬೆಳಿಗ್ಗೆನೂ ಕೂಗ್ತು ಮಾರಾಯ್ರೆ. ಅಲ್ದಾ ಅಣ್ಣಯ್ಯ?” ಎಂದರು.

“ಹೌದು, ಕೂಗ್ತು,” ಎಂದರು ಅಣ್ಣ.

ಹಕ್ಕಿ ಮರಳಿ ಬಂದಿದೆಯೇ ಎಂದು ನನಗೆ ಆಸೆಯಾಯಿತು. ಕ್ಯಾಮೆರಾ ತೆಗೆದುಕೊಂಡು ಹಳ್ಳದ ಕಡೆ ಹೊರಟೆ, ಅಣ್ಣನೂ ಜೊತೆಗೆ ಬಂದರು. ಸವರಿದ ಜಾಗದಲ್ಲಿ ಹುಲ್ಲು, ಕಮ್ಯೂನಿಸ್ಟ್ ಗಿಡದ ಕಳೆ ಎದ್ದಿದ್ದವು. ಜರಿಗಿಡ ಅಲ್ಲಲ್ಲಿ ಸುರುಳಿ ಬಿಚ್ಚುತ್ತಿತ್ತಷ್ಟೆ. ಕತ್ತಲು ಇನ್ನೂ ತಿರುಗಿ ಬಂದಿರಲಿಲ್ಲ. ಹಳೆಯ ಬಂಡೆಯ ಹತ್ತಿರ ನಿಂತು ಕಿವಿಗೊಟ್ಟೆ. ನೀರಿನ ಸದ್ದೊಂದೇ.

“ಕೂಗೋದಿಲ್ಲ ಅದು,” ಎಂದರು ಅಣ್ಣ, ತಗ್ಗಿದ ದನಿಯಲ್ಲಿ. “ಅವತ್ತಿಂದಲೂ ಇಲ್ಲ. ನಾನೂ ದಿನಾ ಬಂದು ನಿಲ್ತೀನಲ್ಲ. ನೀವು ಅವತ್ತು ಜೇಬಿಗೆ ಹಾಕಿಕೊಂಡಿದ್ದನ್ನೂ ನೋಡಿದೀನಿ. ಅವ ಪಾಪ, ಕೂಗ್ತು ಅಂತಾನೆ. ಅವನಿಗೆ ಕೇಳ್ದಂಗೆ ಆಗ್ತದೋ ಏನೋ. ನಾನು ಹೌದು ಅಂತೀನಿ. ಇಲ್ಲ ಅಂತ ನೀವು ಅವನಿಗೆ ಹೇಳಬೇಡಿ, ಅದೊಂದೇ ಉಳಿದಿರೋದು ಅವನಿಗೆ.”

ಇಬ್ಬರ ಗುಟ್ಟೂ ನನ್ನ ಹತ್ತಿರ ಸೇರಿತ್ತು. ಎರಡನ್ನೂ ಇಟ್ಟುಕೊಂಡು ನಾನು ಕಲ್ಲನ್ನೇ ನೋಡುತ್ತ ನಿಂತೆ. ಪಾಚಿ ಬಿಸಿಲಿಗೆ ಒಣಗಿ ಕಂದಾಗಿತ್ತು.

ಆಗ ಮೇಲೆ ಕಿಟಕಿಯಲ್ಲಿ ಲೋಟ ಸರಳಿಗೆ ತಗುಲಿತು. ಒಂದೇ ಸಲ, ಮೊದಲಿನ ಹಾಗೆ. ಹಕ್ಕಿ ಇಳಿಯಿತು, ಸಿದ್ಧವಾಗಿರಿ.

ಅಣ್ಣ ನನ್ನ ಕಡೆ ನೋಡಲಿಲ್ಲ. ನಾನು ಬಂಡೆಯ ಮೇಲೆ ಕ್ಯಾಮೆರಾ ಊರಿ, ಫೋಕಸ್ಸನ್ನು ಖಾಲಿ ಕಲ್ಲಿಗೆ ಕೂರಿಸಿ, ಉಸಿರು ಹಿಡಿದು ಬಟನ್ ಒತ್ತಿದೆ.

“ಸಿಕ್ತಾ?” ಎಂದರು ಅಣ್ಣ, ಕಿಟಕಿಗೆ ಕೇಳುವಷ್ಟು ಜೋರಾಗಿ.

“ಸಿಕ್ತು,” ಎಂದೆ.